ಉಂಗುರ ಒಳಗೆ ಹೋಗಿದ್ದು ಹೇಗೆ? ಒಂದೇ ಮರದ ತುಂಡಿನಲ್ಲಿ ಗಾಬ್ಲೆಟ್ ಕಡೆಯುವ ಕೆಲಸ

ಕಳೆದ ತಿಂಗಳು ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೊ ಬಂತು. ಲೇತ್ ಎಂಬ ಯಂತ್ರದ ಮೇಲೆ ಗರಗರ ತಿರುಗುವ ಮರದ ತುಂಡಿಗೆ ಯಾರೋ ಉಳಿ ಹಿಡಿದಿದ್ದಾರೆ. ಸಿಪ್ಪೆ ಹಾರುತ್ತಿದೆ. ನೋಡನೋಡುತ್ತಿದ್ದಂತೆ ಅದು ಕಾಲಿರುವ ಲೋಟದ, ಅಂದರೆ ಗಾಬ್ಲೆಟ್‌ನ ಆಕಾರಕ್ಕೆ ಬರುತ್ತದೆ. ಕೊನೆಯಲ್ಲಿ ನೋಡಿದರೆ ಅದರ ಸಣ್ಣ ದಂಟಿನ ಸುತ್ತ ಎರಡು ಮರದ ಉಂಗುರಗಳು ಸಡಿಲವಾಗಿ ಕುಣಿಯುತ್ತಿವೆ. ಮೇಲೆ ಅಗಲದ ಬಟ್ಟಲು, ಕೆಳಗೆ ಅಗಲದ ಪಾದ. ಉಂಗುರ ಯಾವ ಕಡೆಯಿಂದಲೂ ಹೊರಗೆ ಬರುವಂತಿಲ್ಲ.

ಐದೇ ನಿಮಿಷಕ್ಕೆ ಚಿಕ್ಕಮ್ಮನ ಫೋನ್. "ನೀನೂ ಲೇತ್ ಇಟ್ಕೊಂಡಿದೀಯಲ್ಲಪ್ಪಾ, ಇದು ನಿಜಾನಾ? ಉಂಗುರ ಸೀಳಿ ಹಾಕಿ ಆಮೇಲೆ ಅಂಟಿಸಿರ್ತಾರೆ ಅಲ್ವಾ?" ಅವರಿಗೆ ಇದು ಬರೀ ಕುತೂಹಲ ಆಗಿರಲಿಲ್ಲ. ಮಗಳ ಮದುವೆ ಹತ್ತಿರ ಬಂದಿದೆ, ಇಂಥದ್ದೊಂದು ಜೋಡಿ ಉಡುಗೊರೆ ಕೊಡುವ ಆಸೆ, ಆನ್‌ಲೈನ್‌ನಲ್ಲಿ ನೋಡಿದರೆ ಬೆಲೆ ಜಾಸ್ತಿ. ಅಷ್ಟು ದುಡ್ಡು ಕೊಡುವ ಮೊದಲು ಅದು ಅಸಲಿಯೋ ಅಲ್ಲವೋ ಗೊತ್ತಾಗಬೇಕಲ್ಲ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಅದಲ್ಲ. ಅವರಿಗೆ ಕಳಿಸೋಣ ಎಂದು ಬರೆಯಲು ಕೂತೆ, ಬೇರೆಯವರಿಗೂ ಬೇಕಾಗಬಹುದು ಅನ್ನಿಸಿತು.

ಮೊದಲು ಚಿಕ್ಕ ಉತ್ತರ

ಉಂಗುರ ಒಳಗೆ ಹೋಗಲೇ ಇಲ್ಲ. ಅದು ಮೊದಲಿಂದಲೂ ಅಲ್ಲೇ ಇತ್ತು.

ಒಂದು ದಪ್ಪ ಮರದ ತುಂಡನ್ನು ಊಹಿಸಿಕೊಳ್ಳಿ. ಬಟ್ಟಲು, ದಂಟು, ಪಾದ, ಉಂಗುರ ಎಲ್ಲ ಅದರೊಳಗೇ ಇವೆ, ಒಂದಕ್ಕೊಂದು ಅಂಟಿಕೊಂಡಿವೆ. ಕಡೆಯುವವರು ಉಂಗುರಕ್ಕೂ ದಂಟಿಗೂ ನಡುವೆ ಇರುವ ಮರವನ್ನು ಮಾತ್ರ ಕೊರೆದು ತೆಗೆಯುತ್ತಾರೆ. ನಡುವಿನದು ಹೋದ ಮೇಲೆ ಉಂಗುರ ಬಿಡಿಯಾಗುತ್ತದೆ. ಬಿಡಿಯಾದರೂ ಹೊರಗೆ ಬರಲು ದಾರಿ ಇಲ್ಲ. ಇಂಗ್ಲಿಷಿನಲ್ಲಿ ಇದಕ್ಕೆ ಕ್ಯಾಪ್ಟಿವ್ ರಿಂಗ್ ಅನ್ನುತ್ತಾರೆ, ಸೆರೆ ಸಿಕ್ಕ ಉಂಗುರ ಅಂತ. ನಾನು ಇಲ್ಲಿ ಸೆರೆಯುಂಗುರ ಅಂತಲೇ ಕರೆಯುತ್ತೇನೆ.

ಕಂಚಿಯ ವರದರಾಜ ಪೆರುಮಾಳ್ ದೇವಸ್ಥಾನಕ್ಕೆ ಹೋದವರು ನೂರು ಕಾಲಿನ ಮಂಟಪದ ಮೂಲೆಯಲ್ಲಿ ನೇತಾಡುವ ಕಲ್ಲಿನ ಸರಪಳಿ ನೋಡಿರುತ್ತೀರಿ. ಅಲ್ಲಿ ಕೊಂಡಿಗೆ ಕೊಂಡಿ ಸಿಕ್ಕಿಸಿಲ್ಲ. ಒಂದೇ ಕಲ್ಲಿನಿಂದ ಬೇಡದ್ದನ್ನು ತೆಗೆದು ಕೊಂಡಿಗಳನ್ನು ಉಳಿಸಿದ್ದಾರೆ. ಸೆರೆಯುಂಗುರದ ಲೆಕ್ಕವೂ ಅದೇ. ಇಲ್ಲಿ ಕಲ್ಲಿನ ಬದಲು ಮರ, ಮತ್ತು ಆ ಮರ ತಿರುಗುತ್ತಿರುತ್ತದೆ.

ಕಡೆಯುವುದು ಅಂದರೆ ಏನು

ಕನ್ನಡದಲ್ಲಿ ಮಜ್ಜಿಗೆ ಕಡೆಯುವುದಕ್ಕೂ ಮರ ಕಡೆಯುವುದಕ್ಕೂ ಒಂದೇ ಮಾತು ಇದೆ. ಎರಡು ಕೆಲಸ ಎಷ್ಟು ಹತ್ತಿರ ನೋಡಿ. ಕಡಗೋಲಿಗೆ ಹಗ್ಗ ಸುತ್ತಿ ಎರಡೂ ತುದಿ ಹಿಡಿದು ಎಳೆದರೆ ಅದು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ತಿರುಗುತ್ತದೆ. ಹಳೆಯ ಕಾಲದ ಕೈ ಲೇತ್ ಕೂಡ ಹೀಗೇ. ಮರದ ತುಂಡಿಗೆ ಬಿಲ್ಲಿನ ಹಗ್ಗ ಸುತ್ತಿ ಹಿಂದೆ ಮುಂದೆ ಎಳೆಯುತ್ತಾರೆ. ಮರ ತನ್ನ ಕಡೆಗೆ ತಿರುಗುವಾಗ ಮಾತ್ರ ಉಳಿ ತಾಗಿಸುತ್ತಾರೆ, ವಾಪಸ್ ತಿರುಗುವಾಗ ಬಿಡುತ್ತಾರೆ. ಚನ್ನಪಟ್ಟಣದ ಗೊಂಬೆಗಳು ಇಂಥ ಲೇತ್‌ಗಳ ಮೇಲೇ ಬೆಳೆದವು. ಈಗ ಹೆಚ್ಚಿನ ಕಡೆ ಕರೆಂಟಿನ ಮೋಟಾರು ಬಂದಿದೆ, ಮರ ಒಂದೇ ದಿಕ್ಕಿಗೆ ನಿಲ್ಲದೆ ತಿರುಗುತ್ತದೆ.

ಲೇತ್ ಎಂದರೆ ಅಡ್ಡ ಮಲಗಿಸಿದ ಕುಂಬಾರನ ಚಕ್ರ ಅಂದುಕೊಳ್ಳಿ. ಎಡಗಡೆ ಮೋಟಾರಿನ ತಲೆ ಇರುತ್ತದೆ. ಅದಕ್ಕೆ ಚಕ್ ಎನ್ನುವ ನಾಲ್ಕು ಹಲ್ಲಿನ ಹಿಡಿಕೆ ಜೋಡಿಸುತ್ತಾರೆ, ಅದು ಮರದ ಒಂದು ತುದಿಯನ್ನು ಮುಷ್ಟಿ ಹಿಡಿದಂತೆ ಹಿಡಿಯುತ್ತದೆ. ಬಲಗಡೆ ಹಿಂದೆ ಮುಂದೆ ಜಾರುವ ಒಂದು ಆಧಾರ, ಅದು ಟೇಲ್‌ಸ್ಟಾಕ್. ಮರದ ಇನ್ನೊಂದು ತುದಿಗೆ ಅದು ಮೊನೆ ಒತ್ತಿ ಹಿಡಿಯುತ್ತದೆ. ಮುಂದುಗಡೆ ಉಳಿ ಊರಲು ಒಂದು ಕಬ್ಬಿಣದ ಪಟ್ಟಿ. ಇಷ್ಟೇ.

ಕುಂಬಾರರಿಗೂ ಇವರಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಮಣ್ಣು ಜಾಸ್ತಿ ಹೋದರೆ ಮತ್ತೆ ಹಾಕಬಹುದು. ಮರ ಹೋದರೆ ಹೋಯಿತು. ಅದಕ್ಕೇ ಇಲ್ಲಿ ಯಾವುದನ್ನು ಮೊದಲು ತೆಗೆಯಬೇಕು, ಯಾವುದನ್ನು ಕೊನೆಯವರೆಗೆ ಬಿಡಬೇಕು ಎನ್ನುವ ಕ್ರಮವೇ ಅರ್ಧ ಕೆಲಸ.

ವೇಗದ ಬಗ್ಗೆ ಒಂದು ಮಾತು. 70 ಮಿ.ಮೀ. ದಪ್ಪದ ಮರ ನಿಮಿಷಕ್ಕೆ 1000 ಸುತ್ತು ತಿರುಗಿದರೆ ಅದರ ಮೈ ಉಳಿಯ ಮುಂದೆ ಗಂಟೆಗೆ ಸುಮಾರು 13 ಕಿ.ಮೀ. ವೇಗದಲ್ಲಿ ಹಾದುಹೋಗುತ್ತದೆ, ಸೈಕಲ್ ಹೋದ ಹಾಗೆ. ಅದೇ ವೇಗದಲ್ಲಿ 10 ಮಿ.ಮೀ. ದಂಟು ತಿರುಗಿದರೆ ಅದರ ಮೈ ಗಂಟೆಗೆ 2 ಕಿ.ಮೀ. ಕೂಡ ಹೋಗುವುದಿಲ್ಲ. ಅಷ್ಟು ನಿಧಾನವಾದರೆ ಉಳಿ ನಯವಾಗಿ ಕತ್ತರಿಸುವುದಿಲ್ಲ. ಆದ್ದರಿಂದ ತುಂಡು ಸಣ್ಣದಾದಂತೆ ವೇಗ ಏರಿಸುತ್ತಾರೆ. ಮೊದಲೇ, ತುಂಡು ಇನ್ನೂ ಚೌಕವಾಗಿ ಓಲಾಡುವಾಗ ಅಷ್ಟು ವೇಗ ಕೊಟ್ಟರೆ ಅಪಾಯ.

ಮರದ ಎಳೆ: ಕಬ್ಬಿನ ಲೆಕ್ಕ

ಇದು ಗೊತ್ತಾದರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ.

ಮರ ಎಂದರೆ ಉದ್ದುದ್ದ ನಾರುಗಳ ಕಟ್ಟು. ಒಂದು ಕಬ್ಬಿನ ಜಲ್ಲೆ ತೆಗೆದುಕೊಳ್ಳಿ. ಉದ್ದಕ್ಕೆ ಹಿಡಿದು ಬಗ್ಗಿಸಿದರೆ ಸುಲಭಕ್ಕೆ ಮುರಿಯುವುದಿಲ್ಲ. ಅದೇ ಕಬ್ಬನ್ನು ಅಡ್ಡಕ್ಕೆ ತೆಳ್ಳಗಿನ ಬಿಲ್ಲೆಯಾಗಿ ಕತ್ತರಿಸಿ ಬೆರಳಲ್ಲಿ ಒತ್ತಿ, ಪುಡಿಯಾಗುತ್ತದೆ. ಜಲ್ಲೆಯಲ್ಲೂ ಅದೇ ನಾರು, ಬಿಲ್ಲೆಯಲ್ಲೂ ಅದೇ ನಾರು. ಬಿಲ್ಲೆಯಲ್ಲಿ ನಾರಿನ ಉದ್ದ ಕಡಿಮೆ, ಅಷ್ಟೇ.

ಗಾಬ್ಲೆಟ್‌ಗೆ ಮರದ ನಾರು ಮೇಲಿಂದ ಕೆಳಗೆ, ಬಟ್ಟಲಿನಿಂದ ಪಾದಕ್ಕೆ ಹೋಗುವಂತೆ ತುಂಡು ಆರಿಸುತ್ತಾರೆ. ಆಗ ದಂಟಿಗೆ ಜಲ್ಲೆಯ ಬಲ ಬರುತ್ತದೆ, ಪೆನ್ಸಿಲ್‌ನಷ್ಟು ಸಣ್ಣದಾದರೂ ನಿಲ್ಲುತ್ತದೆ. ಅಡ್ಡ ನಾರಿನ ತುಂಡು ತೆಗೆದುಕೊಂಡರೆ ದಂಟು ಲೇತ್ ಮೇಲೇ ಪಟ್ ಅನ್ನುತ್ತದೆ.

ಆದರೆ ದಂಟಿಗೆ ಒಳ್ಳೆಯದಾದದ್ದು ಉಂಗುರಕ್ಕೆ ಕೆಟ್ಟದ್ದು. ಉಂಗುರ ಅಂದರೆ ಕಬ್ಬಿನ ಬಿಲ್ಲೆ. 6 ಮಿ.ಮೀ. ದಪ್ಪದ ಉಂಗುರದಲ್ಲಿ ನಾರಿನ ಉದ್ದವೂ 6 ಮಿ.ಮೀ. ಮಾತ್ರ. ಹಾಗಾಗಿ ಸೆರೆಯುಂಗುರ ನೋಡಲು ಗಟ್ಟಿ ಬಳೆಯಂತೆ ಕಂಡರೂ ತುಂಬಾ ಸೂಕ್ಷ್ಮ. ಗಾಬ್ಲೆಟ್ ಕೆಳಗೆ ಬಿದ್ದರೆ ಹೆಚ್ಚಾಗಿ ಮೊದಲು ಮುರಿಯುವುದು ಅದೇ.

ಇದರಿಂದಲೇ ಮರದ ಆಯ್ಕೆಯೂ ನಿರ್ಧಾರವಾಗುತ್ತದೆ. ಒತ್ತೊತ್ತಾದ ಸಣ್ಣ ನಾರಿನ ಮರ ಬೇಕು. ಯುರೋಪಿನವರು ಬಾಕ್ಸ್‌ವುಡ್, ಮೇಪಲ್, ಚೆರ್ರಿ ಬಳಸುತ್ತಾರೆ. ನಮ್ಮ ಕಡೆ ಚನ್ನಪಟ್ಟಣದವರು ಬಳಸುವ ಆಲೆ ಮರ ಇದಕ್ಕೆ ಹೇಳಿ ಮಾಡಿಸಿದಂತಿದೆ. ಬೆಣ್ಣೆ ಬಣ್ಣ, ನಯವಾದ ಮೈ, ಉಳಿಗೆ ಹಿತ. ಹಾಲೆ ಎಂದೂ ಕರೆಯುತ್ತಾರೆ. ಹಿತ್ತಲಿನ ಸೀಬೆ ಮರದ ಒಣಗಿದ ಕೊಂಬೆ ಸಿಕ್ಕರೂ ಬಿಡಬೇಡಿ. ತೇಗ ಎಲ್ಲರಿಗೂ ಇಷ್ಟ, ಆದರೆ ಅದರಲ್ಲಿ ಮರಳಿನಂಥ ಸಿಲಿಕಾ ಅಂಶ ಇರುವುದರಿಂದ ಉಳಿ ಬೇಗ ಮೊಂಡಾಗುತ್ತದೆ. ಉಂಗುರ ಬಿಡಿಸುವ ಹೊತ್ತಿಗೆ ಉಳಿ ಮೊಂಡಾದರೆ ನಾರು ಕತ್ತರಿಸುವ ಬದಲು ಕಿತ್ತು ಬರುತ್ತದೆ.

ಇನ್ನೊಂದು ವಿಷಯ, ಒಣಗುವುದು. ಹಸಿ ಮರ ಒಣಗುವಾಗ ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಅಡ್ಡಕ್ಕೆ ಕುಗ್ಗುತ್ತದೆ, ಅದೂ ಎಲ್ಲ ಕಡೆ ಸಮನಾಗಿ ಅಲ್ಲ. ಕಾಂಡದ ಉಂಗುರ ಗೆರೆಗಳ ಗುಂಟ ಕುಗ್ಗುವುದು ಹೆಚ್ಚು, ನಡುವಿನಿಂದ ತೊಗಟೆಯ ಕಡೆಗೆ ಅದರ ಸುಮಾರು ಅರ್ಧ. ಅಂದರೆ ಇವತ್ತು ಗುಂಡಗೆ ಕಡೆದದ್ದು ತಿಂಗಳಾದ ಮೇಲೆ ಮೊಟ್ಟೆಯಾಕಾರ. ನಾನು ಶುರುವಿನಲ್ಲಿ ಒಂದು ಸಾಮಿಲ್‌ನಿಂದ ಒಣಗಿದ ಮರ ಎಂದು ತಂದ ತುಂಡು ಒಳಗೆ ಹಸಿಯಾಗಿತ್ತು, ನಡುವಿನ ತಿರುಳೂ ಹಾಗೇ ಇತ್ತು. ಎರಡು ಭಾನುವಾರ ಕೂತು ಗಾಬ್ಲೆಟ್ ಮುಗಿಸಿದೆ. ಹತ್ತು ದಿನದಲ್ಲಿ ಬಟ್ಟಲಿನ ತಳ ತಿರುಳಿನ ಜಾಗದಿಂದಲೇ ಬಿರುಕು ಬಿಟ್ಟಿತು. ಅಂದಿನಿಂದ ತಿರುಳು ಇರುವ ತುಂಡನ್ನು ಗಾಬ್ಲೆಟ್‌ಗೆ ಮುಟ್ಟುವುದಿಲ್ಲ. ತುಂಡಿನ ತೂಕ ಬರೆದಿಟ್ಟು ವಾರಕ್ಕೊಮ್ಮೆ ತೂಗುತ್ತೇನೆ, ತೂಕ ಇಳಿಯುವುದು ನಿಂತ ಮೇಲೇ ಲೇತ್‌ಗೆ ಏರಿಸುತ್ತೇನೆ.

ಬಟ್ಟಲು ಮೊದಲು, ಪಾದ ಕೊನೆಗೆ

ಸುಮಾರು 75 ಮಿ.ಮೀ. ಚೌಕ, 200 ಮಿ.ಮೀ. ಉದ್ದದ ತುಂಡು ಇದೆ ಎಂದುಕೊಳ್ಳಿ. ಮೊದಲು ಎರಡೂ ತುದಿ ಹಿಡಿದು ತಿರುಗಿಸಿ, ದೋಣಿಯಂತೆ ಬಾಗಿದ ದಪ್ಪ ಉಳಿಯಿಂದ ಮೂಲೆಗಳನ್ನು ಹೊಡೆದು ಗುಂಡಗೆ ಮಾಡುತ್ತಾರೆ. ಒಂದು ತುದಿಗೆ ಚಕ್ ಹಿಡಿಯಲು ಒಂದು ಗುಬಟು ಬಿಡುತ್ತಾರೆ. ಆಮೇಲೆ ಆ ಗುಬಟನ್ನು ಚಕ್‌ಗೆ ಕೊಟ್ಟು ಬಿಗಿದರೆ ಇನ್ನೊಂದು ತುದಿ ಕೆಲಸಕ್ಕೆ ಸಿಗುತ್ತದೆ.

ಈಗ ಯಾವುದು ಮೊದಲು? ಸುಮ್ನೆ ನೋಡಿದರೆ ಹೊರಗಿನ ಆಕಾರ ಪೂರ್ತಿ ಮಾಡಿ, ಕೊನೆಗೆ ಬಟ್ಟಲು ತೋಡಬಹುದು ಅನ್ನಿಸುತ್ತದೆ. ಹಾಗೆ ಮಾಡಿದರೆ ಕೆಟ್ಟಿತು. ಬಟ್ಟಲು ತೋಡುವಾಗ ಉಳಿ ಜೋರಾಗಿ ಒತ್ತುತ್ತದೆ. ಆ ಒತ್ತಡ ಸಣ್ಣ ದಂಟಿನ ಮೇಲೆ ಬಿದ್ದರೆ ದಂಟು ತಿರುಚಿ ಮುರಿಯುತ್ತದೆ. ಆದ್ದರಿಂದ ಕೆಳಗೆಲ್ಲ ದಪ್ಪ ಮರ ಇರುವಾಗಲೇ ಬಟ್ಟಲಿನ ಒಳಗನ್ನು ಮುಗಿಸಬೇಕು. ಆಮೇಲೆ ಬಟ್ಟಲಿನ ಹೊರಮೈ, ಆಮೇಲೆ ಉಂಗುರ, ಆಮೇಲೆ ದಂಟು, ಎಲ್ಲಕ್ಕಿಂತ ಕೊನೆಗೆ ಪಾದ. ಮನೆಗೆ ಬಣ್ಣ ಹೊಡೆಯುವಾಗ ಒಳಗಿನ ಮೂಲೆಯಿಂದ ಶುರುಮಾಡಿ ಬಾಗಿಲ ಕಡೆಗೆ ಬರುತ್ತೇವಲ್ಲ, ಹಾಗೆ. ನಿಂತಿರುವ ಜಾಗವನ್ನು ಕೊನೆಗೆ ಬಿಡಬೇಕು.

ಒಳಗೆ ತೋಡುವಾಗ ದಿಕ್ಕು ಮುಖ್ಯ. ಬೆಕ್ಕಿನ ಬೆನ್ನನ್ನು ತಲೆಯಿಂದ ಬಾಲಕ್ಕೆ ಸವರಿದರೆ ಕೂದಲು ಮಲಗುತ್ತದೆ, ಉಲ್ಟಾ ಸವರಿದರೆ ಏಳುತ್ತದೆ. ಮರದ ನಾರೂ ಹಾಗೇ. ಹೊರಮೈ ಮೇಲೆ ದಪ್ಪ ಕಡೆಯಿಂದ ಸಣ್ಣ ಕಡೆಗೆ ಇಳಿದರೆ ನಾರು ಮಲಗುತ್ತದೆ. ಬಟ್ಟಲಿನ ಒಳಗೆ ಇದು ತಿರುಗುಮುರುಗು, ನಡುವಿನಿಂದ ಅಂಚಿಗೆ ಬರಬೇಕು. ಅಂಚಿನ ಗೋಡೆ 2–3 ಮಿ.ಮೀ.ಗೆ ಬಂದ ಮೇಲೆ ನಿಲ್ಲಿಸುತ್ತಾರೆ. ತಿಳಿ ಬಣ್ಣದ ಮರ ಆದರೆ ಕೆಲವರು ಒಂದು ದೀಪ ಹಿಡಿದು ನೋಡುತ್ತಾರೆ. ತೆಳುವಾದ ಮರದಲ್ಲಿ ಬೆಳಕು ಕೇಸರಿಯಾಗಿ ಹಾಯುತ್ತದೆ. ಎಲ್ಲ ಕಡೆ ಒಂದೇ ಬಣ್ಣ ಬಂದರೆ ಗೋಡೆ ಎಲ್ಲ ಕಡೆ ಒಂದೇ ದಪ್ಪ ಇದೆ ಎಂದರ್ಥ.

ಒಳಗು ಮುಗಿದ ಕೂಡಲೇ ಅಲ್ಲೇ ಉಪ್ಪುಕಾಗದ ಹಾಕಿ ನಯ ಮಾಡುತ್ತಾರೆ. ಆಮೇಲೆ ಬಟ್ಟಲಿನ ಒಳಗೆ ಮೆತ್ತನೆ ಬಟ್ಟೆ ಸುತ್ತಿದ ಮರದ ಗುಂಡು ಇಟ್ಟು, ಟೇಲ್‌ಸ್ಟಾಕ್ ತಂದು ಮೆಲ್ಲಗೆ ಒತ್ತಿ ಹಿಡಿಯುತ್ತಾರೆ. ಬಟ್ಟಲಿಗೆ ಪೆಟ್ಟಾಗದೆ ಎರಡೂ ಕಡೆ ಆಧಾರ ಸಿಕ್ಕಿತು. ಇನ್ನು ದಂಟಿನ ಕೆಲಸಕ್ಕೆ ಇಳಿಯಬಹುದು.

ಉಂಗುರ ಬಿಡಿಸುವುದು

ಬಟ್ಟಲಿನ ಬುಡದ ಕೆಳಗೆ ಮರ ಇನ್ನೂ ದಪ್ಪ ಕಂಬದಂತೆ ಇದೆ. ಉಂಗುರದ ಹೊರ ಅಳತೆ 32 ಮಿ.ಮೀ. ಬೇಕು ಎಂದರೆ ಆ ಜಾಗವನ್ನು 32ಕ್ಕೆ ಇಳಿಸುತ್ತಾರೆ. ಅದರ ಮೇಲೆ 6 ಮಿ.ಮೀ. ಅಗಲಕ್ಕೆ ಎರಡು ಗೆರೆ. ಗೆರೆಗಳ ಎರಡೂ ಹೊರಬದಿಗೆ ತೆಳ್ಳನೆಯ ಪಾರ್ಟಿಂಗ್ ಉಳಿಯಿಂದ ಕಾಲುವೆ ತೋಡುತ್ತಾರೆ. ನಡುವೆ ಒಂದು ದಿಣ್ಣೆ ಉಳಿಯಿತು. ಅದರ ಮೂಲೆಗಳನ್ನು ಗುಂಡು ಮಾಡಿದರೆ ಕಂಬಕ್ಕೆ ಬಳೆ ತೊಡಿಸಿದಂತೆ ಕಾಣುತ್ತದೆ. ಅದೇ ನಮ್ಮ ಉಂಗುರ. ಇನ್ನೂ ಕಂಬಕ್ಕೆ ಅಂಟಿಕೊಂಡೇ ಇದೆ.

ಇಲ್ಲಿ ಅವಸರ ಮಾಡಬಾರದು. ಉಂಗುರ ಬಿಡಿಯಾದ ಮೇಲೆ ಅದನ್ನು ಹಿಡಿದು ನಯ ಮಾಡುವುದು ಕಷ್ಟ. ಹೊರಮೈಗೆ ಉಪ್ಪುಕಾಗದ ಹಾಕುವುದು, ಎಣ್ಣೆಯೋ ಅರಗೋ ಕೊಡುವುದು, ಎಲ್ಲ ಈಗಲೇ, ಅದು ತಿರುಗುತ್ತಿರುವಾಗಲೇ ಮುಗಿಯಬೇಕು.

ಆಮೇಲೆ ಅಡಿ ಕೊರೆಯುವುದು. ಇದಕ್ಕೆ ಅಂತಲೇ ಕೊಕ್ಕೆಯಂತೆ ಬಾಗಿದ ಮೂತಿಯ ಉಳಿ ಬರುತ್ತದೆ, ಎಡಕ್ಕೊಂದು, ಬಲಕ್ಕೊಂದು. ಎಡಗಡೆಯ ಕಾಲುವೆಯಲ್ಲಿ ಇಳಿಸಿ ಉಂಗುರದ ಹೊಟ್ಟೆಯ ಕೆಳಗೆ ಸ್ವಲ್ಪ ಕೊರೆಯಬೇಕು. ನಿಲ್ಲಿಸಿ, ಬಲಗಡೆಯಿಂದ ಸ್ವಲ್ಪ. ಮತ್ತೆ ಎಡ, ಮತ್ತೆ ಬಲ. ಬೆಟ್ಟದ ಎರಡೂ ಬದಿಯಿಂದ ಸುರಂಗ ಕೊರೆದು ನಡುವೆ ಕೂಡಿಸುವ ಹಾಗೆ. ಒಂದೇ ಕಡೆಯಿಂದ ಪೂರ್ತಿ ಹೋದರೆ ಉಂಗುರದ ಒಂದು ಬದಿ ಕಾಗದದಷ್ಟು ತೆಳುವಾಗುತ್ತದೆ.

ಒಳಗೆ ಏನಾಗುತ್ತಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಇಲ್ಲಿ ಕಿವಿ ಕೆಲಸಕ್ಕೆ ಬರುತ್ತದೆ. ಮರ ದಪ್ಪ ಇದ್ದಾಗ ಉಳಿಯ ಸದ್ದು ಗಟ್ಟಿಯಾಗಿ, ಭಾರವಾಗಿ ಇರುತ್ತದೆ. ನಡುವೆ ಉಳಿದ ಮರ ತೆಳುವಾದಂತೆ ಸದ್ದು ಸಣ್ಣದಾಗುತ್ತದೆ, ಟೊಳ್ಳಾಗುತ್ತದೆ. ಆ ಹೊತ್ತಿಗೆ ನಾನು ಉಸಿರು ಕೂಡ ಮೆಲ್ಲಗೆ ಬಿಡುತ್ತೇನೆ. ಉಳಿಯನ್ನು ಒತ್ತುವುದನ್ನು ನಿಲ್ಲಿಸಿ ಬರೀ ತಾಗಿಸಿಕೊಂಡು ಇರುತ್ತೇನೆ. ಒಂದು ಕ್ಷಣ ಟಿಕ್ ಎಂಬ ಚಿಕ್ಕ ಸದ್ದು. ಕಂಬ ತಿರುಗುತ್ತಲೇ ಇದೆ, ಉಂಗುರ ಮಾತ್ರ ಅದರ ಜೊತೆ ತಿರುಗುವುದು ಬಿಟ್ಟು ಸಡಿಲವಾಗಿ ತೂಗಿ, ಉಳಿಯ ಮೇಲೆ ಬಂದು ಕೂರುತ್ತದೆ. ಅದುವರೆಗೆ ತಿರುಗುತ್ತಾ ಮಬ್ಬಾಗಿ ಕಂಡಿದ್ದ ಮರದ ಗೆರೆಗಳು ಆ ಉಂಗುರದ ಮೇಲೆ ಒಮ್ಮೆಗೇ ಸ್ಪಷ್ಟವಾಗಿ ಕಾಣುತ್ತವೆ. ಎಷ್ಟು ಸಲ ಮಾಡಿದರೂ ಆ ಒಂದು ಕ್ಷಣಕ್ಕೆ ಖುಷಿಯಾಗುತ್ತದೆ.

ಕೊಕ್ಕೆ ಉಳಿ ಇಲ್ಲದೆಯೂ ಆಗುತ್ತದೆ. ಮೂತಿ ಓರೆಯಾಗಿರುವ ಉಳಿಯನ್ನು ಎರಡೂ ಕಡೆಯಿಂದ ವಾಲಿಸಿ ಕೊರೆದರೆ ಸಾಕು. ಆಗ ಉಂಗುರದ ಒಳಮೈ ಗುಂಡಗಿರದೆ ನಡುವೆ ಚೂಪು ಏಣು ಉಳಿಯುತ್ತದೆ. ಅದನ್ನು ತೆಗೆಯಲು ಕಡೆತಗಾರರು ಮಾಡುವ ಉಪಾಯ ನನಗೆ ತುಂಬಾ ಇಷ್ಟ. ಉಂಗುರದ ಕೆಳಗಿನ ಕಂಬಕ್ಕೆ ಎರಡು ಬದಿ ಅಂಟುವ ಟೇಪಿನಿಂದ ಉಪ್ಪುಕಾಗದ ಸುತ್ತುತ್ತಾರೆ. ಲೇತ್ ಮೆಲ್ಲಗೆ ತಿರುಗಿಸಿ, ಉಂಗುರವನ್ನು ಬೆರಳಲ್ಲಿ ಹಿಡಿದು ಅದರ ಮೇಲೆ ತಾಗಿಸುತ್ತಾರೆ. ಉಂಗುರ ನಿಂತಿದೆ, ಉಪ್ಪುಕಾಗದ ತಿರುಗುತ್ತಿದೆ. ಒಳಮೈ ನಯವಾಗುತ್ತದೆ. ಆಮೇಲೆ ಕಾಗದ ಕಿತ್ತು, ಆ ಕಂಬವನ್ನೇ ಸಣ್ಣ ದಂಟಾಗಿ ಕಡೆಯುತ್ತಾರೆ.

ಎರಡನೇ ಉಂಗುರ ಬೇಕಿದ್ದರೆ ಇಷ್ಟನ್ನೂ ಅದರ ಪಕ್ಕದಲ್ಲಿ ಮತ್ತೆ ಮಾಡಬೇಕು.

ದಂಟು ಮತ್ತು ಪಾದ

ಬಿಡಿಯಾದ ಉಂಗುರ ತಿರುಗುವ ದಂಟಿನ ಮೇಲೆ ಸುಮ್ಮನೆ ಕೂರುವುದಿಲ್ಲ. ಕುಣಿಯುತ್ತದೆ, ಉಳಿಗೆ ಬಡಿಯುತ್ತದೆ, ಮುರಿಯುತ್ತದೆ. ಅದನ್ನು ಬಟ್ಟಲಿನ ಬುಡಕ್ಕೆ ಸರಿಸಿ ಟೇಪ್ ಹಾಕಿ ಕಟ್ಟುತ್ತಾರೆ.

ಈಗ ದಂಟನ್ನು 9–10 ಮಿ.ಮೀ.ಗೆ ಇಳಿಸಬೇಕು. ಒಂದೇ ಸಲ ಉದ್ದಕ್ಕೂ ಇಳಿಸುವುದಿಲ್ಲ. ಬಟ್ಟಲಿನ ಬುಡದಿಂದ ಎರಡು ಬೆರಳಿನಷ್ಟು ಜಾಗ ಪೂರ್ತಿ ಮುಗಿಸಿ, ಅದಕ್ಕೆ ಉಪ್ಪುಕಾಗದವೂ ಹಾಕಿ, ಆಮೇಲೆ ಮುಂದಿನ ಎರಡು ಬೆರಳು. ಹಿಂದಕ್ಕೆ ಹೋಗುವಂತಿಲ್ಲ, ಒಮ್ಮೆ ಸಣ್ಣದಾದ ಜಾಗಕ್ಕೆ ಮತ್ತೆ ಉಳಿ ಹಚ್ಚಿದರೆ ದಂಟು ನಡುಗಿ ಮೈ ಮೇಲೆ ಸುರುಳಿ ಗೀರು ಬೀಳುತ್ತದೆ. ತುಂಬಾ ಉದ್ದ, ತುಂಬಾ ಸಣ್ಣ ದಂಟು ಮಾಡುವವರು ದಾರದ ಆಧಾರ ಕೊಡುತ್ತಾರೆ. ಒಂದು ಚೌಕಟ್ಟಿನ ನಾಲ್ಕು ಕಡೆಯಿಂದ ದಾರ ಎಳೆದು ದಂಟನ್ನು ನಡುವೆ ಹಿಡಿದಿಡುವುದು. ಫ್ರಾನ್ಸಿನವರು ಇಂಥ ನಡುಗುವ ಉದ್ದ ದಂಟಿನ ಕೆಲಸಕ್ಕೆ ಟ್ರೆಂಬ್ಲರ್ ಎಂದೇ ಹೆಸರಿಟ್ಟಿದ್ದಾರೆ.

ಪಾದದ ಅಡಿಯನ್ನು ಸ್ವಲ್ಪ ಒಳಕ್ಕೆ ತಗ್ಗಾಗಿ ಕತ್ತರಿಸಿ ಚಕ್‌ನಿಂದ ಬೇರೆ ಮಾಡುತ್ತಾರೆ. ತಗ್ಗಿದ್ದರೆ ಅಂಚಿನ ಮೇಲೆ ಕೂರುತ್ತದೆ, ಅಲುಗಾಡುವುದಿಲ್ಲ. ನಮ್ಮ ತಟ್ಟೆ, ಬಟ್ಟಲುಗಳ ತಳ ತಿರುಗಿಸಿ ನೋಡಿ, ಅಲ್ಲೂ ಹಾಗೇ ಇರುತ್ತದೆ.

ಎಲ್ಲಿಂದ ಬಂತು ಈ ಕಲೆ

16ನೇ ಶತಮಾನದ ಯುರೋಪಿನಲ್ಲಿ ಲೇತ್ ಅರಮನೆಯ ಒಳಗೂ ಇತ್ತು. ಜರ್ಮನಿಯ ಸ್ಯಾಕ್ಸನಿಯನ್ನು 1553ರಿಂದ 1586ರವರೆಗೆ ಆಳಿದ ಆಗಸ್ಟ್ ಸ್ವತಃ ಆನೆದಂತ ಕಡೆಯುತ್ತಿದ್ದ. ಅವನ ಆಸ್ಥಾನದಲ್ಲಿ ಗೆಯಾರ್ಗ್ ವೆಕರ್, ಎಗಿಡಿಯಸ್ ಲೊಬೆನಿಗ್ ಎಂಬ ಕಡೆತಗಾರರಿದ್ದರು. ಅವರ ಕಾಲದ ಕೆಲಸಗಳನ್ನು ಡ್ರೆಸ್ಡೆನ್‌ನ ಗ್ರೀನ್ ವಾಲ್ಟ್ ಸಂಗ್ರಹಾಲಯದಲ್ಲಿ ಈಗಲೂ ನೋಡಬಹುದು. ಎತ್ತರದ ಮುಚ್ಚಳದ ಪಾತ್ರೆಗಳು, ಚೆಂಡಿನೊಳಗೆ ಚೆಂಡು, ಕೂದಲಿನಷ್ಟು ಸಣ್ಣ ದಂಟುಗಳು. ರಷ್ಯಾದ ಪೀಟರ್ ದಿ ಗ್ರೇಟ್ ಕೂಡ ಲೇತ್ ಇಟ್ಟುಕೊಂಡಿದ್ದ, ಆಂದ್ರೇಯ್ ನಾರ್ತೊವ್ ಎಂಬ ಯಂತ್ರಕಾರ ಅವನ ಜೊತೆಗಿದ್ದ. ಆ ದೊರೆಗಳಿಗೆ ಇದು ಕೈ, ಕಣ್ಣು, ಲೆಕ್ಕ ಮೂರೂ ಕೂಡಿದ ವಿದ್ಯೆಯಾಗಿ ಕಂಡಿತ್ತು. ಇವತ್ತು ಬ್ರಿಟನ್, ಅಮೆರಿಕದ ಕಡೆ ಹವ್ಯಾಸಿಗಳು ಮದುವೆಗೆ ಎರಡು ಉಂಗುರದ ಗಾಬ್ಲೆಟ್ ಮಾಡಿ ಕೊಡುತ್ತಾರೆ, ಗಂಡಿಗೊಂದು ಹೆಣ್ಣಿಗೊಂದು ಉಂಗುರ ಎಂಬ ಭಾವನೆಯಿಂದ.

ನಮ್ಮಲ್ಲಿ ಕಡೆಯುವ ಕಲೆ ಹೊಸದೇನಲ್ಲ. ಕಲ್ಯಾಣದ ಚಾಲುಕ್ಯ, ಹೊಯ್ಸಳ ದೇವಸ್ಥಾನಗಳ ನುಣುಪು ಕಂಬಗಳ ಮೇಲೆ ಸಾಲು ಸಾಲು ಗುಂಡು ಗೆರೆಗಳಿವೆಯಲ್ಲ, ಅವು ತಿರುಗಿಸಿ ಕಡೆದ ಬಳಪದ ಕಲ್ಲಿನ ಕಂಬಗಳು. ಚನ್ನಪಟ್ಟಣದ ಗೊಂಬೆಗಳಿಗೆ 2005–06ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ಅಲ್ಲಿ ಬಣ್ಣ ಹಚ್ಚುವುದೂ ಲೇತ್ ಮೇಲೇ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದರೆ ತಿಕ್ಕಾಟದ ಬಿಸಿಗೆ ಅರಗು ಕರಗಿ ಮೈಗೆ ಹತ್ತುತ್ತದೆ. ಮೇಲೆ ಕೇದಗೆ ಗರಿ ಹಿಡಿದು ಹೊಳಪು ಬರಿಸುತ್ತಾರೆ. ಗಾಬ್ಲೆಟ್‌ಗೂ ಇದೇ ಅರಗು ಹಚ್ಚಬಹುದು. ಆಲೆ ಮರದ ಬಿಳಿ ದಂಟು, ಕೆಂಪು ಅರಗಿನ ಉಂಗುರ, ನೋಡಲು ಬಹಳ ಚೆಂದ.

ಕುಡಿಯಬಹುದಾ? ನಾವೇ ಮಾಡಬಹುದಾ?

ಅರಗು ಹಚ್ಚಿದ ಗಾಬ್ಲೆಟ್ ನೋಡಲಿಕ್ಕೆ ಮಾತ್ರ ಇಟ್ಟುಕೊಳ್ಳಿ. ಬಿಸಿ ಕಾಫಿ ಹಾಕಿದರೆ ಅರಗು ಮೆತ್ತಗಾಗುತ್ತದೆ. ಮದ್ಯ ಹಾಕಿದರೆ ಕರಗುತ್ತದೆ, ಯಾಕೆಂದರೆ ಅರಗನ್ನು ಕರಗಿಸಿ ಪಾಲಿಶ್ ಮಾಡುವುದೇ ಸ್ಪಿರಿಟ್‌ನಲ್ಲಿ. ಬರೀ ಎಣ್ಣೆ ಹಚ್ಚಿದ ಮರವೂ ನೀರು ಕುಡಿದು ಉಬ್ಬುತ್ತದೆ. 2 ಮಿ.ಮೀ. ಗೋಡೆ ಅದನ್ನು ಬಹಳ ದಿನ ತಡೆಯುವುದಿಲ್ಲ.

ಮಾಡಲು ಆಸೆ ಇದ್ದರೆ ಮೊದಲು ಉಂಗುರ ಬೇಡ. ಬರೀ ಕಡಗೋಲಿನ ಹಿಡಿ, ಲಟ್ಟಣಿಗೆ, ಇಂಥವನ್ನು ಕಡೆದು ಕೈ ಪಳಗಲಿ. ಕಲಿಯಬೇಕಾದ ಮೊದಲ ಪಾಠ ಒಂದೇ. ಉಳಿಯ ಬೆನ್ನು ಮೊದಲು ಮರಕ್ಕೆ ತಾಗಬೇಕು, ಆಮೇಲೆ ಬಾಯಿ. ಬಾಯಿಯನ್ನೇ ಮೊದಲು ಕೊಟ್ಟರೆ ಮರ ಉಳಿಯನ್ನು ಕಚ್ಚಿ ಎಳೆದುಕೊಳ್ಳುತ್ತದೆ. ಮುಖಕ್ಕೆ ಪೂರ್ತಿ ಮುಚ್ಚುವ ಶೀಲ್ಡ್ ಬೇಕು, ಮರದ ಹೊಟ್ಟು ಮೂಗಿಗೆ ಹೋಗದಂತೆ ಮಾಸ್ಕ್ ಬೇಕು. ಕೈಗವಸು ಹಾಕಲೇಬಾರದು, ಅದು ಸಿಕ್ಕಿಕೊಂಡರೆ ಬೆರಳು ಸಮೇತ ಎಳೆಯುತ್ತದೆ. ದುಪಟ್ಟಾ, ಸಡಿಲ ತೋಳು, ಬಳೆ, ಬಿಚ್ಚಿದ ಕೂದಲು ಯಾವುದೂ ಲೇತ್ ಹತ್ತಿರ ಸುಳಿಯಬಾರದು.

ಅಸಲಿ ಎಂದು ತಿಳಿಯುವುದು ಹೇಗೆ

ಇದು ಚಿಕ್ಕಮ್ಮನಿಗೆ. ಕೈಗೆ ಸಿಕ್ಕರೆ ಮೊದಲು ದಂಟು ಪಾದಕ್ಕೆ ಸೇರುವ ಜಾಗ ನೋಡಿ. ಮರದ ಗೆರೆ ದಂಟಿನಿಂದ ಪಾದಕ್ಕೆ ತಡೆಯಿಲ್ಲದೆ ಇಳಿಯಬೇಕು. ಅಲ್ಲಿ ಸುತ್ತಲೂ ಸಣ್ಣ ಗೀರು ಇದ್ದರೆ, ಇಲ್ಲವೇ ಗೆರೆ ಅಲ್ಲಿಗೇ ನಿಂತು ಬೇರೆ ಗೆರೆ ಶುರುವಾದರೆ, ಪಾದವನ್ನು ಬೇರೆ ಮಾಡಿ ತೂತಿಗೆ ಕೂಡಿಸಿದ್ದಾರೆ. ಉಂಗುರವನ್ನು ಅದಕ್ಕೆ ಮೊದಲು ಸುಲಭವಾಗಿ ತೂರಿಸಿರುತ್ತಾರೆ. ಕೂಡಿಸಿ ಮಾಡುವುದು ತಪ್ಪಲ್ಲ, ಹಾಗೆಂದು ಹೇಳಿ ಆ ಬೆಲೆಗೆ ಮಾರಬೇಕು ಅಷ್ಟೇ.

ಆಮೇಲೆ ಉಂಗುರದ ಚಪ್ಪಟೆ ಮುಖ ನೋಡಿ. ಅಲ್ಲಿ ಕಡಿದ ಮರದ ಬುಡದಲ್ಲಿ ಕಾಣುವಂಥ ಬಾಗಿದ ಗೆರೆ, ಚುಕ್ಕಿ ಇರಬೇಕು, ಏಕೆಂದರೆ ನಾರು ಮೇಲಿಂದ ಕೆಳಗೆ ಇದೆ. ಹಲಗೆಯ ಮೇಲೆ ಇರುವಂಥ ಉದ್ದ ಗೆರೆ ಅಡ್ಡ ಹಾಯ್ದಿದ್ದರೆ ಆ ಉಂಗುರ ಬೇರೆ ಹಲಗೆಯದು. ಉಂಗುರದ ಎದುರುಬದುರು ಎರಡು ಜಾಗದಲ್ಲಿ ಕೂದಲೆಳೆಯಷ್ಟು ನೇರ ಗೀರು ಕಂಡರೆ ಮುರಿದು ಅಂಟಿಸಿದ್ದು.

ಇದನ್ನೆಲ್ಲ ಕಳಿಸಿದೆ. ಮೂರು ದಿನ ಬಿಟ್ಟು ಚಿಕ್ಕಮ್ಮ ಒಂದು ಕರಕುಶಲ ಮೇಳದಿಂದ ವಿಡಿಯೊ ಕಾಲ್ ಮಾಡಿದರು. ಕೈಯಲ್ಲಿ ಒಂದು ಗಾಬ್ಲೆಟ್. ಮರದ ಅರ್ಧ ಚೇಗು (ಕಾಂಡದ ಒಳಗಿನ ಗಾಢ ಬಣ್ಣದ ಮರ), ಅರ್ಧ ಹೊರಮರ, ಹಾಗಾಗಿ ಬಟ್ಟಲಿನ ಒಂದು ಬದಿ ಕಂದು, ಇನ್ನೊಂದು ಬದಿ ತಿಳಿ. ಪಾದವೂ ಅದೇ ಸಾಲಿನಲ್ಲಿ ಅರ್ಧ ಕಂದು, ಅರ್ಧ ತಿಳಿ. ಉಂಗುರವೂ ಎರಡು ಬಣ್ಣದ್ದೇ, ಆದರೆ ಅಡ್ಡಾದಿಡ್ಡಿ ತಿರುಗಿ ನಿಂತಿತ್ತು.

"ಉಂಗುರ ಮೆಲ್ಲಗೆ ತಿರುಗಿಸಿ ಚಿಕ್ಕಮ್ಮ" ಅಂದೆ. ಬೆರಳ ತುದಿಯಲ್ಲಿ ತಿರುಗಿಸುತ್ತಾ ಹೋದರು. ಕಾಲು ಸುತ್ತಿಗೆ ಕಂದು ಕಂದಿಗೆ, ತಿಳಿ ತಿಳಿಗೆ ಬಂದು ಸೇರಿತು.

"ಅಯ್ಯೋ, ಇಲ್ಲೇ ಇತ್ತಲ್ಲೋ ಇದು" ಅಂದರು.